ಅರಿಶಿನ ಹರವಿದ ಕೋರ್ಟು

ಕುದಿಸಿದ ಅರಿಶಿನದ ವಾಸನೆ ನನಗೆ ಆಗುವುದಿಲ್ಲ. ಮೊನ್ನೆ ಉಗಾರ ಬುದ್ರುಕದ ಹತ್ತಿರ ಬಸ್ಸು ಕೆಟ್ಟು ನಿಂತಾಗ ರಸ್ತೆ ಪಕ್ಕದಲ್ಲೇ ಯಾರೋ ಅರಿಶಿನ ಹರವಿದ್ದರು. ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. "ಎಷ್ಟ ಚಂದ ಬರಾಕತ್ತೇತಿ ಅಲ್ರಿ ವಾಸನಿ" ಅಂದಳು ಪಕ್ಕದಲ್ಲಿ ಕೂತವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಬಾಸ್ಕೆಟ್‌ಬಾಲ್ ಸರ್ ನೆನಪಾಗಿದ್ದರು...

ಎಂಬತ್ತರ ದಶಕದ ಕೊನೆಯ ಮಾತು. ಅವರು ನಮ್ಮ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಬಂದಿದ್ದರು. ಆಟ ಕಲಿಸುವುದು, ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯುವುದು, ಓಟದ ಸ್ಪರ್ಧೆಗೆ ಸುಣ್ಣದ ಗೆರೆ ಎಳೆಯುವುದು, ಎಲ್ಲಾ ಅವರೊಬ್ಬರೇ. ಏಕಸಂಬಿಯಿಂದ ಸೈಕಲ್ ತುಳಿದು ಬರುತ್ತಿದ್ದರು. ಅವರ ತಾಯಿ ಕಂಡವರ ಹೊಲದಲ್ಲಿ ಅರಿಶಿನ ಕಿತ್ತು ಮಗನನ್ನು ಓದಿಸಿದ್ದರು. ಸರ್ ಅದನ್ನು ಮುಚ್ಚಿಟ್ಟವರಲ್ಲ. ನಮ್ಮ ಕಡೆಯ ಜಮೀನುದಾರರು ಅದನ್ನು ಮರೆತವರೂ ಅಲ್ಲ.

ಕೋರ್ಟಿಗೆ ಸಿಮೆಂಟು ಮಂಜೂರು ಮಾಡಿಸಲು ಎರಡು ವರ್ಷ ಕಚೇರಿ ಅಲೆದರು. ರಿಂಗುಗಳನ್ನು ಚಕ್ಕಡಿ ಗಾಲಿಗೆ ಹಳಿ ಬಡಿಯುವ ಕಮ್ಮಾರನಿಂದ ಮಾಡಿಸಿದರು. ಅವು ಎರಡು ಬೆರಳು ಸಣ್ಣವಾಗಿದ್ದವು. "ಇರಲಿ ಬಿಡ್ರಿ. ಇದರಾಗ ಹಾಕೂದು ಕಲತ್ರ ಎಲ್ಲಿ ಬೇಕಾದ್ರೂ ಹಾಕ್ತೀರಿ" ಅಂದರು. ಹುಡುಗಿಯರ ತಂಡ ಕಟ್ಟಲು ಮನೆಮನೆಗೆ ಹೋಗಿ ಅಪ್ಪಂದಿರ ಎದುರು ಕೂತರು. "ಚಡ್ಡಿ ಹಾಕ್ಕೊಂಡ ಆಡಬೇಕೇನ್ರಿ?" ಎಂದು ನಮ್ಮಪ್ಪ ಕೇಳಿದಾಗ, "ಸಲವಾರ ಹಾಕ್ಕೊಂಡ ಆಡಲಿ, ಆಡೂದು ಮುಖ್ಯರಿ" ಅಂದರು. ಹೀಗೆ ಎಂಟು ಜನ ಸೇರಿದೆವು. ನನ್ನನ್ನು ಕ್ಯಾಪ್ಟನ್ ಮಾಡಿದರು. ಆ ವರ್ಷ ಪಂದ್ಯಾವಳಿ ಫೆಬ್ರವರಿಗೆ ಬಿದ್ದಿತ್ತು, ಧಾರವಾಡದಲ್ಲಿ. ನಮ್ಮ ಕಾಲೇಜಿನ ಹುಡುಗಿಯರು ಹಾಗೆ ಊರು ಬಿಟ್ಟು ಆಡಲು ಹೋಗುವುದು ಅದೇ ಮೊದಲು.

ಸುಗ್ಗಿಯಲ್ಲಿ ಸಪಾಟಾದ ಸಿಮೆಂಟು ಕಂಡಲ್ಲಿ ಬೆಳೆ ಹರವುವುದು ನಮ್ಮ ಕಡೆ ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಕೋರ್ಟು ಆದ ವರ್ಷದಿಂದಲೇ ಆಡಳಿತ ಮಂಡಳಿಯವರ ಗೋವಿನಜೋಳ ಅಲ್ಲಿ ಒಣಗುತ್ತಿತ್ತು. ಸರ್ ಸಹಿಸಿಕೊಂಡು ಅರ್ಧ ಕೋರ್ಟಿನಲ್ಲೇ ಆಡಿಸುತ್ತಿದ್ದರು. ಆದರೆ ಆ ಸಲ, ಧಾರವಾಡಕ್ಕೆ ಹದಿನೈದೇ ದಿನ ಇರುವಾಗ, ಈ ರಿಂಗಿನಿಂದ ಆ ರಿಂಗಿನವರೆಗೆ ಅರಿಶಿನ ಬಿತ್ತು. ಅದು ಮಂಡಳಿಯ ಹಿರಿಯ ಸದಸ್ಯನದು. ಅಂದರೆ ನನ್ನ ಕಾಕಾನದು.

ಸರ್ ನಮ್ಮ ಮನೆಗೇ ಬಂದು ಕೇಳಿದರು. ಕಾಕಾ ಅವರಿಗೆ ಕೂರಲು ಹೇಳಲಿಲ್ಲ. "ಅಹೋ ಸರ್, ಚೆಂಡ ಎಲ್ಲಿ ಬೇಕಾದಲ್ಲಿ ಕುಪ್ಪಳಸತೈತಿ. ಅರಿಶಿಣ ಎಲ್ಲಿ ಬೇಕಾದಲ್ಲಿ ಒಣಗತೈತೇನು?" ಎಂದು ನಕ್ಕ. ಜೊತೆಗಿದ್ದವರೂ ನಕ್ಕರು.

ಮರುದಿನ ಬೆಳಿಗ್ಗೆ ಸರ್ ಒಂದು ತಾಡಪತ್ರಿ ತಂದು ಪಕ್ಕದ ಬಯಲಿಗೆ ಹಾಸಿದರು. ಬುಟ್ಟಿ ಹಿಡಿದು ಒಬ್ಬರೇ ಅರಿಶಿನ ಸಾಗಿಸತೊಡಗಿದರು. ನಾವು ನೋಡುತ್ತ ನಿಂತಿದ್ದೆವು. ಮೊದಲು ಹೋಗಿ ಇನ್ನೊಂದು ಬುಟ್ಟಿ ಎತ್ತಿದವಳು ನಾನು.

"ಬ್ಯಾಡವಾ, ನೀ ಬಿಡು. ನಿಮ್ಮ ಮನಿ ಮಾಲ ಇದು" ಅಂದರು.

"ಅದಕ್ಕ ಎತ್ತಾಕತ್ತೀನ್ರಿ ಸರ್" ಅಂದೆ. ಎಂಥ ಜಂಬ ನನಗೆ! ಉಳಿದವರೂ ಬಂದರು. ಒಂದು ತುಂಡೂ ಹಾಳಾಗಲಿಲ್ಲ. ಸರ್ ಅದನ್ನು ಕೈಯಾಡಿಸಿ ಸಮವಾಗಿ ಹರವಿಯೇ ನಮ್ಮನ್ನು ಆಡಲು ಕರೆದರು. ಆ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೇ ದಿನ ಕಾಕಾ ಒಂದು ಕಾಗದ ತಂದ. ಮರ್ಯಾದಸ್ಥರ ಹೆಣ್ಣುಮಕ್ಕಳನ್ನು ಹೆದರಿಸಿ ಕೂಲಿ ಕೆಲಸ ಮಾಡಿಸಿದರು ಎಂದು ಅದರಲ್ಲಿ ಬರೆದಿತ್ತು. "ಸಹಿ ಮಾಡವಾ. ಬ್ಯಾರೆ ಮಾಸ್ತರನ ಕೂಡ ನಿಮ್ಮನ್ನ ಧಾರವಾಡಕ್ಕ ಕಳಸ್ತೀನಿ. ಮಾಡದಿದ್ರ ಟೀಮೂ ಇಲ್ಲ, ಕಾಲೇಜೂ ಇಲ್ಲ." ಓದಿದೆ. ಸುಳ್ಳು ಅಂತ ಗೊತ್ತಿತ್ತು. ಸಹಿ ಮಾಡಿದೆ. ಕ್ಯಾಪ್ಟನ್ನೇ ಮಾಡಿದ್ದಾಳೆ ಅಂದ ಮೇಲೆ ಉಳಿದ ಏಳು ಜನರೂ ಮಾಡಿದರು.

ವಿಚಾರಣೆಯ ದಿನ ನಾನು ಪ್ರಾಚಾರ್ಯರ ಕೋಣೆಯ ಹೊರಗೆ ನಿಂತಿದ್ದೆ. "ಮೊದಲ ಯಾರ ಎತ್ತಿದ್ರು?" ಎಂದು ಪ್ರಾಚಾರ್ಯರು ಕೇಳಿದ್ದು ಕೇಳಿಸಿತು. "ನಾ ಹೇಳಿದ್ದಕ್ಕ ಎತ್ತ್ಯಾರ್ರಿ. ಹುಡುಗ್ಯಾರನ್ನ ಬಿಡ್ರಿ" ಅಂದರು ಸರ್. ನನಗೆ ಅವರ ಮೇಲೂ ಸಿಟ್ಟು ಬಂತು. ಈಗಲೂ ಇದೆ. ಈ ಹುಡುಗಿ ಸುಳ್ಳು ಬರೆದಿದ್ದಾಳೆ ಎಂದು ಕೂಗಬಾರದಿತ್ತೇ? ನನ್ನನ್ನು ಒಳಗೆ ಎಳೆದು ತರಬಾರದಿತ್ತೇ?

ಅವರಿಂದ ಕ್ರೀಡಾ ವಿಭಾಗ ಕಿತ್ತುಕೊಂಡರು. ತೊಂಬತ್ತರ ದಶಕವಿಡೀ ಅವರು ಗ್ರಂಥಾಲಯದ ಮೂಲೆಯಲ್ಲಿ ಹರಿದ ಪುಸ್ತಕಗಳಿಗೆ ಗೋಂದು ಹಚ್ಚುತ್ತ ಕೂತರು. ಬೇರೆ ಮಾಸ್ತರ ಬರಲೇ ಇಲ್ಲ, ನಾವು ಧಾರವಾಡ ನೋಡಲೇ ಇಲ್ಲ. ಕಾಕಾ ಸತ್ತ ಮೇಲೆ ಆ ಕೋರ್ಟಿಗೆ ಅವನ ಹೆಸರನ್ನೇ ಇಟ್ಟರು. ಕ್ರೀಡಾಪ್ರೇಮಿಯಂತೆ! ಆ ಫಲಕ ಕಂಡಾಗಲೆಲ್ಲ ಕಲ್ಲು ಬೀಸಬೇಕು ಅನ್ನಿಸುತ್ತದೆ. ಬೀಸಿಲ್ಲ. ನನ್ನ ಧೈರ್ಯ ಅಷ್ಟೇ.

ಮೊನ್ನೆ ಆ ಕೆಟ್ಟು ನಿಂತ ಬಸ್ಸಿನಿಂದ ಇಳಿದವಳು ಮನೆಗೆ ಹೋಗಲಿಲ್ಲ, ಏಕಸಂಬಿಗೆ ಹೋದೆ. ಸರ್ ತೀರಿಕೊಂಡು ಮೂರು ವರ್ಷವಾಗಿದ್ದು ಗೊತ್ತಿತ್ತು. ಅವರ ಹೆಂಡತಿ ಬಾಗಿಲು ತೆರೆದರು. ಬುದ್ಧನ ಪಟದ ಪಕ್ಕದಲ್ಲಿ ಸರ್ ಫೋಟೋ ಇತ್ತು. ಅವರ ಟೀಮಿನಲ್ಲಿ ಆಡಿದವಳು ಅಂದದ್ದಕ್ಕೇ ಅವರು ಸಂತೋಷಪಟ್ಟು ಚಹಾ ಮಾಡಿ ತಂದರು.

"ಮನ್ಯಾಗ ಒಂದ ದಿನಾನೂ ಆ ಹುಡುಗ್ಯಾರ ಹೆಸರ ಹೇಳಲಿಲ್ಲ ನೋಡವಾ. ಕೇಳಿದ್ರ, ಸಣ್ಣ ಹುಡುಗ್ಯಾರು, ಬಿಡು ಅಂತಿದ್ರು. ಮೊದಲ ಸಹಿ ಮಾಡಿದಾಕಿ ಯಾರಂತ ನನಗ ಇವತ್ತಿಗೂ ಗೊತ್ತಿಲ್ಲ. ನಿನಗ ಗೊತ್ತೈತೇನು?"

ಇಲ್ಲ ಅನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನ ರೀ, ಅಕ್ಕಾರ" ಅಂದೆ.

ಬೈಯಲಿ, ಹೊರಗೆ ಹಾಕಲಿ ಎಂದು ಕಾಯುತ್ತಿದ್ದೆ.

"ಅವ್ರ ಇದ್ದಾಗ ಬರಬೇಕಿತ್ತವಾ ನೀ" ಅಂದರು. "ಭಾಳ ಖುಷಿ ಆಗ್ತಿದ್ರು."