ಕ್ಯೋಟೋದಲ್ಲಿ ನಾನು ಹಿಡಿದ ಸೀಟು

ಘಟಪ್ರಭಾ ಸ್ಟೇಷನ್ನಿನಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಎರಡು ವಿಮಾನ, ಕಡೆಗೆ ಒಸಾಕಾದ ವಿಮಾನ ನಿಲ್ದಾಣದಿಂದ ಎಂಬತ್ತು ನಿಮಿಷದ ಇನ್ನೊಂದು ರೈಲು. ಗೋಕಾಕ ಬಿಟ್ಟ ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರು ಜಪಾನಿನ ಹಳೆಯ ರಾಜಧಾನಿ ಕ್ಯೋಟೋದಲ್ಲಿ ಇಳಿದೆವು. ದಾರಿಯುದ್ದಕ್ಕೂ ನನ್ನ ಕೈ ಒಂದು ಕೆಂಪು ಚೀಲದ ಮೇಲೇ ಇತ್ತು. ವಿಮಾನದಲ್ಲೂ ಅದನ್ನು ಮೇಲಿನ ಗೂಡಿಗೆ ಹಾಕಲು ಬಿಡದೆ ಕಾಲಬುಡದಲ್ಲೇ ಇಟ್ಟುಕೊಂಡಿದ್ದೆ.

ಚೀಲದಲ್ಲಿದ್ದದ್ದು ಕಟ್ಟಿಗೆಯ ಹಣ್ಣುಗಳು. ನನ್ನ ಯಜಮಾನರು ಗೋಕಾಕದ ಬಣ್ಣದ ಆಟಿಕೆ ಮಾಡುವವರು. ಕ್ಯೋಟೋದ ಒಂದು ಕರಕುಶಲ ಶಾಲೆಯವರು ಅವರ ಕೆಲಸ ನೋಡಲು ಕರೆಸಿದ್ದರು. ಮಧ್ಯಾಹ್ನ ಎರಡಕ್ಕೆ ಅಲ್ಲಿರಬೇಕಿತ್ತು. ಹನ್ನೊಂದು ಹಣ್ಣು ಇವರು ಮಾಡಿದ್ದು, ಹನ್ನೆರಡನೆಯದು ತೀರಿಹೋದ ನಮ್ಮ ಮಾವನವರು ಮಾಡಿದ ಸೀತಾಫಲ. ಅವರ ಕೈಯದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ಅದನ್ನು ಒಯ್ಯುವುದು ಬೇಡವೆಂದು ನಾನು ಅಂದಾಗ, "ಅಪ್ಪನ ಕೆಲಸ ತೋರಸಲಿಲ್ಲಂದ್ರ ಅಲ್ಲಿತನಾ ಹೋಗಿ ನಾ ಏನ್ ತೋರಸ್ಲಿ" ಅಂದಿದ್ದರು.

ಸ್ಟೇಷನ್ನಿನ ಎದುರಿಗೇ ಸಿಟಿ ಬಸ್ಸುಗಳ ನಿಲ್ದಾಣ. ಹಿಂದಿನ ಬಾಗಿಲಿನಿಂದ ಹತ್ತಬೇಕು, ಇಳಿಯುವಾಗ ಮುಂದೆ ಡ್ರೈವರನ ಬಾಜೂ ಇರುವ ಡಬ್ಬಿಗೆ ಇನ್ನೂರ ಮೂವತ್ತು ಯೆನ್ ಹಾಕಬೇಕು. ಕಂಡಕ್ಟರ್ ಇಲ್ಲ. ಇದನ್ನೆಲ್ಲ ನಾನು ಮೊದಲೇ ಓದಿ ಬರೆದುಕೊಂಡಿದ್ದೆ. ಚಳಿ ಜೋರಾಗಿತ್ತು. ಯಜಮಾನರು ಶೌಚಾಲಯಕ್ಕೆ ಹೋದವರು ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ನಮ್ಮ ಬಸ್ಸು ಬಂದು ಜನ ಸಾಲಾಗಿ ಹತ್ತತೊಡಗಿದರು.

ನಾನು ಇಪ್ಪತ್ತೆಂಟು ವರ್ಷ ಗೋಕಾಕದಿಂದ ಮೂಡಲಗಿಗೆ ಬಸ್ಸಿನಲ್ಲಿ ಓಡಾಡಿ ಶಾಲೆ ಕಲಿಸಿದವಳು. ಕಿಟಕಿಯೊಳಗೆ ಟವೆಲ್ ತೂರಿ ಸೀಟು ಹಿಡಿದು, ಡ್ರೈವರ್ ಚಹಾ ಕುಡಿದು ಬರುವವರೆಗೆ ಕೆಳಗೆ ನಿಂತು ಹರಟೆ ಹೊಡೆದವಳು. ಯಜಮಾನರಿಗೆ ಮೊಣಕಾಲು ನೋವು, ಬಹಳ ಹೊತ್ತು ನಿಲ್ಲಲಾಗದು. ಒಳಗೆ ಒಂದೇ ಸೀಟು ಉಳಿದಿತ್ತು. ಬಟ್ಟೆ, ಬುತ್ತಿ ಎಲ್ಲ ಯಜಮಾನರ ಹೆಗಲಚೀಲದಲ್ಲಿ, ನನ್ನ ಕೈಯಲ್ಲಿ ಕೆಂಪು ಚೀಲದ ಹೊರತು ಬೇರೇನೂ ಇರಲಿಲ್ಲ. ಹತ್ತಿದೆ, ಚೀಲವನ್ನು ಸೀಟಿನ ಮೇಲಿಟ್ಟೆ, ಅವರನ್ನು ಕರೆಯಲು ಕೆಳಗಿಳಿದೆ.

ಹಿಂದೆ ಬಾಗಿಲು ಮುಚ್ಚಿತು. ಹತ್ತು ನಲವತ್ತಕ್ಕೆ ಹೊರಡುವ ಬಸ್ಸು ಹತ್ತು ನಲವತ್ತಕ್ಕೇ ಹೊರಟುಹೋಯಿತು. ಕೈಯೆತ್ತಿಕೊಂಡು ನಾಲ್ಕು ಹೆಜ್ಜೆ ಓಡಿದೆ, ಅಷ್ಟೆ. ತಿರುಗಿದರೆ ಯಜಮಾನರು ಕುಂಟುತ್ತ ಬರುತ್ತಿದ್ದರು.

"ಚೀಲ ಎಲ್ಲೈತಿ?"

"ಸೀಟ್ ಹಿಡದೀನ್ರಿ," ಅಂದೆ. ಬಾಯಿಗೆ ಬಂದದ್ದು ಅದೇ.

ಅವರು ಬಯ್ಯಲಿಲ್ಲ. ಹೋಗಿ ಬೆಂಚಿನ ಮೇಲೆ ಕೂತರು. ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನಿಲ್ದಾಣದ ಕಚೇರಿಯಲ್ಲಿ ಬಿಳಿ ಕೈಗವಸಿನ ಒಬ್ಬ ಹಿರಿಯರಿದ್ದರು. ಫೋನಿನ ಅನುವಾದಕದ ಮೂಲಕ ಮಾತು ನಡೆಯಿತು. ಮರೆತು ಇಳಿದಿರಾ ಎಂದು ಕೇಳಿದರು. ಬೇಕೆಂದೇ ಇಟ್ಟು ಇಳಿದೆನೆಂದು ಹೇಳಲು ನಾಚಿಕೆಯಾಗಿ ಹೌದೆಂದೆ. ಅವರು ಡ್ರೈವರನನ್ನು ಸಂಪರ್ಕಿಸಿದರು. ಚೀಲ ಸೀಟಿನ ಮೇಲಿದೆ, ಬಸ್ಸು ಊರು ಸುತ್ತಿಕೊಂಡು ಹನ್ನೆರಡೂ ಇಪ್ಪತ್ತಕ್ಕೆ ಇಲ್ಲಿಗೇ ಬರುತ್ತದೆ, ಕಾಯಿರಿ ಎಂದರು.

ಕಟ್ಟಿಕೊಂಡು ಬಂದ ಸಜ್ಜೆರೊಟ್ಟಿ ಬಿಚ್ಚಲಿಲ್ಲ. ಬಸ್ಸು ಒಂದೊಂದು ಸ್ಟಾಪಿನಲ್ಲಿ ನಿಲ್ಲುವುದು, ಯಾರೋ ಚೀಲ ಎತ್ತಿಕೊಂಡು ಇಳಿಯುವುದು, ಇದೇ ಕಣ್ಣಮುಂದೆ. ಯಜಮಾನರು ಮೊಣಕಾಲು ತಿಕ್ಕಿಕೊಳ್ಳುತ್ತ ಅಂದರು:

"ಹನ್ನೊಂದು ಹ್ವಾದ್ರ ಮತ್ತ ಮಾಡ್ತೀನಿ. ಅದೊಂದು ನನ್ನ ಕೈಲಿ ಆಗಂಗಿಲ್ಲ."

ಹೇಳಿದ ವೇಳೆಗೆ ಬಸ್ಸು ಬಂತು, ಕಿಕ್ಕಿರಿದು ತುಂಬಿತ್ತು. ಜನ ಒಬ್ಬೊಬ್ಬರಾಗಿ ಹಣ ಹಾಕಿ ಇಳಿಯುವುದು ಮುಗಿಯುವಂತೆಯೇ ಕಾಣಲಿಲ್ಲ. ಕೈಗವಸಿನ ಹಿರಿಯರು ಸನ್ನೆ ಮಾಡಿದೊಡನೆ ಹಿಂದಿನಿಂದ ಹತ್ತಿದೆ. ಚೀಲ ಇಟ್ಟಲ್ಲೇ ಇತ್ತು. ಜಿಪ್ ತೆಗೆದು ಸೀತಾಫಲ ಮುಟ್ಟಿ ನೋಡಿದೆ. ನನಗೆ ಅಳುವೇ ಬಂದುಬಿಟ್ಟಿತು.

ಸೀಟಿನ ಪಕ್ಕದಲ್ಲಿ ಬೆನ್ನು ಬಾಗಿದ ಒಬ್ಬ ಅಜ್ಜಿ ಕಂಬ ಹಿಡಿದು ನಿಂತಿದ್ದಳು. ಎಲ್ಲಿ ಹತ್ತಿದಿರಿ ಎಂದು ಫೋನಿನಲ್ಲಿ ಕೇಳಿದೆ. ಆಸ್ಪತ್ರೆಯ ಹತ್ತಿರ, ನಲವತ್ತು ನಿಮಿಷವಾಯಿತು ಎಂದಳು. ಚೀಲ ಕೆಳಗಿಟ್ಟು ಕೂಡಬಹುದಿತ್ತಲ್ಲ ಎಂದೆ. ಫೋನು ಅವಳ ಮಾತನ್ನು ಕನ್ನಡದಲ್ಲಿ ಹೇಳಿತು: "ಯಾರೋ ಕುಳಿತುಕೊಳ್ಳಲು ಬರುತ್ತಾರೆ ಎಂದುಕೊಂಡೆ."

ಅಷ್ಟರಲ್ಲಿ ಯಜಮಾನರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅಜ್ಜಿ ಅವರ ಕಾಲು ನೋಡಿದಳು. ಸೀಟನ್ನು ಅಂಗೈಯಿಂದ ಒರೆಸಿ, ಕೂಡಿರೆಂದು ಕೈ ತೋರಿಸಿದಳು. ಯಜಮಾನರು ಕೈಮುಗಿದು ಕೂತರು. ಆಕೆ ಇಳಿದು, ನಿಲ್ದಾಣದ ಜನರಲ್ಲಿ ಕಾಣದಾಗುವವರೆಗೆ ಕೂತೇ ಇದ್ದರು. ಆಮೇಲೆ ಎದ್ದು, ಆಕೆ ಹಿಡಿದಿದ್ದ ಕಂಬವನ್ನೇ ಹಿಡಿದು ನಿಂತರು.

ನಮ್ಮನ್ನು ಶಾಲೆಗೆ ಮುಟ್ಟಿಸಿದ್ದೂ ಅದೇ ಬಸ್ಸು. "ಕೂಡ್ರಿ, ಕಾಲು ನೋಯ್ತಾವು" ಅಂದರೆ ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹನ್ನೆರಡು ಸ್ಟಾಪು ಇಬ್ಬರೂ ನಿಂತೇ ಹೋದೆವು.