ಮಟ್ಟಿಗೆ ಅಂಕಿತವಿಲ್ಲ

ಪೇಟಿಯ ಡಬ್ಬಿ ತೆಗೆದರೆ ಮೊದಲು ಕರ್ಪೂರದ ವಾಸನೆ ಬರುತ್ತದೆ, ಆಮೇಲೆ ಹಳೆಯ ಚರ್ಮದ್ದು. ನೀವು ಅದಕ್ಕೆ ಹಾರ್ಮೋನಿಯಂ ಅನ್ನುತ್ತೀರೋ ಏನೋ, ನಮ್ಮ ಗದಗ-ಬೆಟಗೇರಿಯ ಕಡೆ ಪೇಟಿ. ಹುಳ ಹಿಡಿಯಬಾರದೆಂದು ಚಿಗವ್ವ ಅದರಲ್ಲಿ ಕರ್ಪೂರದ ಬಿಲ್ಲೆ ಹಾಕಿಡುತ್ತಿದ್ದಳು. ಆಕೆ ಹೋದ ಮೇಲೂ ನಾನು ತಪ್ಪದೆ ಹಾಕುತ್ತ ಬಂದಿದ್ದೇನೆ. ಬಾರಿಸಲು ಬಾರದವಳು ಇಷ್ಟಾದರೂ ಮಾಡಬೇಕಲ್ಲ.

ಇವತ್ತು ಬೆಳಿಗ್ಗೆ ಆ ಡಬ್ಬಿ ತೆಗೆಸಿದವರು ಹಿಂದಿನ ಓಣಿಯ ಶಂಕ್ರಪ್ಪನವರು. ಅವರ ತಾಯಿ ನಸುಕಿನಲ್ಲಿ ತೀರಿಕೊಂಡಿದ್ದರು. "ಟೀಚರ್ರ, ನಿಮ್ಮ ಮನ್ಯಾಗ ಪೇಟಿ ಐತೆಂತ್ರಿ. ನಮ್ಮ ಭಜನಿ ಮೇಳದ್ದು ರಿಪೇರಿಗೆ ಹೋಗೇತಿ. ಅವ್ವನ್ನ ಮಣ್ಣಿಗೆ ಒಯ್ಯೂತನಾ ಕೊಟ್ಟರ ಭಾಳ ಉಪಕಾರ ಆಗತೈತ್ರಿ" ಎಂದು ಬಾಗಿಲಲ್ಲೇ ನಿಂತು ಕೇಳಿದರು. ಸಾವಿನ ಮನೆಗೆ ಇಲ್ಲ ಅನ್ನುವುದುಂಟೆ? ನೀವು ನಡೀರಿ, ನಾನೇ ತರುತ್ತೇನೆ ಎಂದೆ. ಧೂಳು ಒರೆಸಲೆಂದು ಡಬ್ಬಿ ತೆಗೆದು ಕೂತವಳಿಗೆ ಕರ್ಪೂರದ ವಾಸನೆ ಬಡಿದು, ಕೈಯಲ್ಲಿದ್ದ ಅರಿವೆ ಕೈಯಲ್ಲೇ ಉಳಿಯಿತು.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ ಗೌರವ್ವ. ಹುಟ್ಟಿದ್ದು ಹೊಳೆ ದಂಡೆಯ ಹಮ್ಮಿಗಿಯಲ್ಲಿ, ಕೊಟ್ಟದ್ದು ಲಕ್ಷ್ಮೇಶ್ವರದ ಕಾಳಿನ ವ್ಯಾಪಾರದ ಮನೆಗೆ. ಶೇಂಗಾ ಚೀಲಗಳನ್ನು ಒಂದು ಕಡೆ ಸರಿಸಿ, ಪಡಸಾಲೆಯಲ್ಲಿ ಜಮಖಾನೆ ಹಾಸಿ, ಸೋಮವಾರ ಹೆಂಗಸರ ಭಜನೆ ನಡೆಯುತ್ತಿತ್ತು. ರಜೆಗೆ ಹೋದಾಗ ಒಮ್ಮೆ ನನ್ನ ಕೈಗೂ ತಾಳ ಕೊಟ್ಟರು. ಒಂದು ಪದ ಮುಗಿಯುವುದರೊಳಗೆ ಚಿಗವ್ವ ಮೆಲ್ಲಗೆ ತಾಳ ತೆಗೆದುಕೊಂಡು, ಆ ಕೈಗೆ ಚುರುಮುರಿ ಬುಟ್ಟಿ ಇಟ್ಟಳು. "ನೀ ಇದನ್ನ ಹಂಚವಾ. ಇದೂ ಸೇವಾನ." ಸಂಗೀತದಲ್ಲಿ ನನ್ನ ಸ್ಥಾನ ಅಂದೇ ಇತ್ಯರ್ಥವಾಯಿತು. ಮುಂದೆ ಇತಿಹಾಸ ಓದಿ ಶಾಲೆಯಲ್ಲಿ ಕಲಿಸಲು ಹೋದದ್ದಕ್ಕೆ ಆ ಬುಟ್ಟಿಯೇ ಕಾರಣವಿದ್ದರೂ ಇರಬಹುದು.

ಆ ಮೇಳದಲ್ಲೊಂದು ಪದ್ಧತಿಯಿತ್ತು. ಪದಗಳು ಹಳೆಯವು, ಬರೆದವರು ಯಾರೆಂಬುದು ಕೊನೆಯ ನುಡಿಯ ಅಂಕಿತದಲ್ಲಿ ತಾನಾಗಿ ಬರುತ್ತದೆ. ಆದರೆ ಮಟ್ಟಿಗೆ, ಅಂದರೆ ಪದ ಹಾಡುವ ಧಾಟಿಗೆ, ಅಂಕಿತವಿಲ್ಲ. ಅದಕ್ಕೇ ಹಾಡುವವಳು ಶ್ರುತಿ ಹಿಡಿದ ಮೇಲೆ, ಪದ ಎತ್ತುವ ಮೊದಲು, ಯಾರಿಂದ ಕಲಿತದ್ದೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಸಾಕು, ಯಾರು ಬೇಕಾದರೂ ಹಾಡಬಹುದು. ಹೇಳದಿದ್ದರೆ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಹಿಂದೆ ಕೂತವರು ದನಿ ಕೂಡಿಸುತ್ತಿರಲಿಲ್ಲ, ಅಷ್ಟೇ. ಪಾಪ, ಒಬ್ಬಳೇ ಹಾಡಿ ಒಬ್ಬಳೇ ಮುಗಿಸಬೇಕು. ಅದಕ್ಕಿಂತ ಬೈಸಿಕೊಳ್ಳುವುದು ಮೇಲು.

ಚಿಗವ್ವ ಹೇಳುತ್ತಿದ್ದ ಹೆಸರು ಒಂದೇ. "ಇದು ಹಮ್ಮಿಗಿ ಶಾಂತವ್ವನ ಮಟ್ಟು." ಶಾಂತವ್ವನನ್ನು ನಾನು ಕಂಡವಳಲ್ಲ. ಹಮ್ಮಿಗಿಯಲ್ಲಿ ಯಾರು ಸತ್ತರೂ ಹೆಣದ ಮುಂದೆ ಕೂತು ಹಾಡುತ್ತಿದ್ದವಳಂತೆ. ಆಕೆಯ ಮಟ್ಟಿನಲ್ಲಿ ಪ್ರತಿ ಸಾಲಿನ ಕೊನೆಗೆ ಉದ್ದಕ್ಕೆ ಒಂದು ನಿಲುಗಡೆಯಿದೆ. ಅಲ್ಲಿ ಪೇಟಿ ಮಾತ್ರ ನುಡಿಯುತ್ತದೆ. ಯಾಕೆ ಅಷ್ಟು ಹೊತ್ತು ಬಿಡುತ್ತೀ ಎಂದು ಕೇಳಿದ್ದೆ. "ಅಳಾವ್ರಿಗೆ ಜಾಗಾ ಬೇಕಲ್ಲವಾ" ಅಂದಿದ್ದಳು. ನನ್ನ ತಾಯಿ ಸತ್ತಾಗ ಚಿಗವ್ವ ಅದನ್ನೇ ಹಾಡಿದಳು, ಆ ನಿಲುಗಡೆಯಲ್ಲಿ ನಾನು ಅತ್ತೆ.

ಆಮೇಲೆ ನನಗೊಂದು ಹುಚ್ಚು ಹಿಡಿಯಿತು. ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ಚಿಗವ್ವನನ್ನು ಕೂಡ್ರಿಸಿ, ಮೊಬೈಲಿನಲ್ಲಿ ಹಾಡು ಹಿಡಿದಿಡುವುದು. ಕೆಲವನ್ನು ನೆಂಟರಿಗೆ ಕಳಿಸಿದೆ, ಅವರು ಇನ್ನಾರಿಗೋ ಕಳಿಸಿದರು. ಒಂದು ದಿನ ಧ್ವನಿಮುದ್ರಣದ ಕಂಪನಿಯವನೊಬ್ಬ ಕಾಗದ ಹಿಡಿದುಕೊಂಡು ಅವಳ ಪಡಸಾಲೆಗೇ ಬಂದ. ಮಟ್ಟೆಲ್ಲ ತಮ್ಮ ಕಂಪನಿಗೆ ಸೇರಬೇಕು, ಇನ್ನು ಯಾರು ಹಾಡಿದರೂ ತಮ್ಮ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಸಾರ. ಅವನಿಗೆ ಚಹಾ ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಕಾದು, ಚಿಗವ್ವ ಕೇಳಿದಳು: "ಹಂಗಾರ ಹಮ್ಮಿಗ್ಯಾಗ ಯಾರರ ಸತ್ತರ, ನಿಮ್ಮ ಒಪ್ಪಿಗಿ ಬರೂತನಾ ಹೆಣಾ ಕಾಯಬೇಕೇನ್ರಿ?" ಅವನು ನಗಲು ನೋಡಿದ. ಅವಳು ನಗಲಿಲ್ಲ.

ಅವನು ಹೋದ, ಆದರೆ ನನಗೆ ಭಯ ಹೋಗಲಿಲ್ಲ. ಇವನಲ್ಲದಿದ್ದರೆ ಇನ್ನೊಬ್ಬ ಬಂದು ಇದು ನನ್ನದೇ ಅಂದುಬಿಟ್ಟರೆ? ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಶಬಾನಾಗೆ ಹೇಳಿಕೊಂಡೆ. "ಮುಕ್ತ ಪರವಾನಗಿ ಅಂತ ಐತ್ರಿ" ಎಂದಳು. "ಯಾರು ಬೇಕಾದ್ರೂ ಕೇಳಬಹುದು, ಹಾಡಬಹುದು, ಹಂಚಬಹುದು. ಆದ್ರ ಯಾರದು ಅಂತ ಹೆಸರು ಹೇಳಲೇಬೇಕು." ನಾನು ಇದನ್ನು ದೊಡ್ಡ ಸುದ್ದಿಯೆಂಬಂತೆ ಲಕ್ಷ್ಮೇಶ್ವರಕ್ಕೆ ಹೊತ್ತೊಯ್ದೆ. ಚಿಗವ್ವ ಬೆರಗಾಗಲಿಲ್ಲ. "ಇದು ಸೋಮವಾರದ ಮಾತಲ್ಲೇನ? ಇದಕ್ಕೂ ಕಾಗದ ಬೇಕಾತಾ?"

ಒಂದು ಕಡೆ ಮಾತ್ರ ಅವಳು ತಡೆದಳು. ಮಟ್ಟನ್ನು ಬದಲಿಸಿ ಹಾಡಲು ಬಿಡಬೇಕೋ ಬೇಡವೋ, ಅದನ್ನು ಅವಳೇ ಹೇಳಬೇಕಿತ್ತು. ಮರುದಿನ ಊಟಕ್ಕೆ ರೊಟ್ಟಿ ಬಡಿಯುತ್ತ ಅಂದಳು, "ಮೂರನೇ ಸಾಲಿನ್ಯಾಗ ಶಾಂತವ್ವ ಮ್ಯಾಲ ಏರತಿದ್ಲು. ನನ್ನ ದನಿ ಏರಲಿಲ್ಲ, ನಾ ಕೆಳಗ ಇಳದೆ. ಹಂಗ ಇಳದದ್ದ ಛಲೋ ಅನಸ್ತು, ಇಟಗೊಂಡೆ. ನಾ ಮಾಡಿದ್ದನ್ನ ಮಂದಿ ಮಾಡಬ್ಯಾಡ್ರಿ ಅನ್ನಲೇನು? ಮಾಡಲಿ ಬಿಡು. ಸಿಟ್ಟು ಬರತೈತಿ ನನಗ. ಬರಲಿ."

ಕೊನೆಗೆ ಉಳಿದದ್ದು ಹೆಸರು. ನಾನು ಗೌರವ್ವ ಎಂದು ಹಾಕಲು ಹೊರಟರೆ ಅವಳು ಕೈ ಹಿಡಿದಳು. ಶಾಂತವ್ವ ಅಂತ ಹಾಕು, ಅದೊಂದೇ ಹಾಕು ಅಂದಳು.

"ದನಿ ನಿಂದು ಚಿಗವ್ವ. ಆ ಇಳಿಯೂದೂ ನಿಂದ."

"ನನ್ನ ಹೆಸರು ನಾನ ಹೇಳಕೊಂಡ್ರ ಬಡಿವಾರ ಆಗತೈತಿ. ನನ್ನಿಂದ ಕಲತಾಕಿ ಹೇಳಬೇಕು."

"ಯಾರೂ ಕಲೀಲಿಲ್ಲಂದ್ರ?"

"ಹೇಳಾವ್ರಿಲ್ಲ ಅಂತ ಆತು" ಎಂದು ತವೆಯ ಮೇಲಿನ ರೊಟ್ಟಿ ತಿರುವಿದಳು.

ಮೇಳದವರೆಲ್ಲ ಅವಳ ಓರಗೆಯವರು. ಮನೆಯಲ್ಲಿ ಮಗ, ಸೊಸೆ ಒಳ್ಳೆಯವರು, ಆದರೆ ಹಾಡಿನ ಗೊಡವೆಗೆ ಹೋದವರಲ್ಲ. ಇನ್ನು ನಾನು ಚುರುಮುರಿಯವಳು. ಅವಳ ಹೆಸರನ್ನು ಕದ್ದು ಸೇರಿಸಬಹುದಿತ್ತು, ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ನಾನು ಹಿಡಿದಿಟ್ಟ ಮೂವತ್ತು-ನಲವತ್ತು ಹಾಡುಗಳಲ್ಲಿ ಎಲ್ಲಿ ಕೇಳಿದರೂ ಮೊದಲು ಅವಳ ಗಂಟಲೇ ಶಾಂತವ್ವನ ಹೆಸರು ಹೇಳುತ್ತದೆ. ಆ ದನಿಯ ಮೇಲೆ ನನ್ನ ಅಕ್ಷರ ಕೂಡ್ರಿಸಲು ಮನಸ್ಸಾಗಲಿಲ್ಲ. ಅವಳು ಹೇಳಿದಂತೆಯೇ ಹಾಡುಗಳನ್ನು ಅಂತರ್ಜಾಲಕ್ಕೇರಿಸಿ ಲೋಕಕ್ಕೆ ಬಿಟ್ಟೆವು. ಮುಂದಿನ ವರ್ಷ ಚಿಗವ್ವ ಹೋದಳು, ಅವಳ ಪೇಟಿ ನನ್ನ ಮನೆಗೆ ಬಂತು.

ಆಮೇಲೊಂದು ದಿನ ಶಿರಹಟ್ಟಿಗೆ ಹೋಗುವ ಬಸ್ಸಿನಲ್ಲಿ, ಮುಂದಿನ ಸೀಟಿನವಳ ಮೊಬೈಲಿನಿಂದ ಆ ಮಟ್ಟು ಕೇಳಿಬಂತು. ಎಲ್ಲಿಯದೋ ಹುಡುಗಿಯರು, ಪೇಟಿಯ ಬದಲು ಕೀಬೋರ್ಡು. ಅವರೂ ಮೊದಲಿಗೆ ಭಕ್ತಿಯಿಂದ ಹೇಳಿದರು, ಹಮ್ಮಿಗಿ ಶಾಂತವ್ವನ ಮಟ್ಟು ಎಂದು. ನನಗೆ ಖುಷಿಯೇ ಆಯಿತು. ಮೂರನೇ ಸಾಲು ಬಂತು. ಹುಡುಗಿಯರು ಏರಲಿಲ್ಲ, ಇಳಿದರು. ಅದು ಚಿಗವ್ವನ ಇಳಿತ, ಅವಳ ಏರದ ದನಿಯಿಂದ ಹುಟ್ಟಿದ್ದು, ಶಾಂತವ್ವ ಕನಸಿನಲ್ಲೂ ಹಾಡದ್ದು. ಹುಡುಗಿಯರ ತಪ್ಪೇನಿಲ್ಲ, ಬರೆದಿಟ್ಟ ಹೆಸರನ್ನೇ ಹೇಳಿದ್ದಾರೆ. ಹಾಗೆಂದು ನನಗೆ ನಾನೇ ಹೇಳಿಕೊಂಡರೂ ದಾರಿಯ ಮಾಗಡಿ ಕೆರೆ ದಾಟುವವರೆಗೆ ಕಿಟಕಿಯ ಕಡೆ ಮುಖ ತಿರುಗಿಸಿಯೇ ಕೂತಿದ್ದೆ. ಸಾವಿರ ಮಂದಿ ಅವಳ ಹಾಗೆ ಹಾಡಬಹುದು, ಅವಳೊಬ್ಬಳು ಇದ್ದಳೆಂದು ಒಬ್ಬರಿಗೂ ತಿಳಿಯುವುದಿಲ್ಲ. ಅಂದಿನಿಂದ ಪೇಟಿಗೆ ಕರ್ಪೂರ ಹಾಕುವಾಗೆಲ್ಲ ಅದೇ ನೋವು.

ಇವತ್ತು ಪೇಟಿ ಹೊತ್ತುಕೊಂಡು ಶಂಕ್ರಪ್ಪನವರ ಮನೆಗೆ ಹೋದೆ. ಓಣಿಯ ಮಗ್ಗಗಳು ನಿಂತಿದ್ದವು. ಅಂಗಳದಲ್ಲಿ ತೀರಿಕೊಂಡ ಅಜ್ಜಿಯನ್ನು ಹೂವು ಹಾಕಿ ಕೂಡ್ರಿಸಿದ್ದರು. ಮೇಳದ ಹಿರಿಯಳು ದ್ಯಾಮವ್ವ ಬೆಳಗಿನಿಂದ ಹಾಡಿ ಹಾಡಿ ಗಂಟಲು ಕಟ್ಟಿಕೊಂಡು ಕೂತಿದ್ದಳು. ಪೇಟಿ ಕೊಟ್ಟು ಬಂದುಬಿಡಬೇಕೆಂದವಳು ನಾನು. ಆದರೆ ಶಂಕ್ರಪ್ಪನವರ ತಂಗಿ ಸದ್ದಿಲ್ಲದೆ, ಹಲ್ಲು ಕಚ್ಚಿ ಕೂತಿದ್ದಳು. ಆ ಮುಖ ನೋಡಿ ನನಗೆ ನನ್ನ ತಾಯಿ ಹೋದ ದಿನ ನೆನಪಾಯಿತು.

"ನಾ ಒಂದು ಹಾಡಲೇನ್ರಿ?" ಎಂದು ಕೇಳಿದ ದನಿ ನನ್ನದೇ. ಮೊಬೈಲಿನಲ್ಲಿ ಕೇಳಿ ಕೇಳಿ ಚಿಗವ್ವನ ಹಾಡಿನ ಒಂದೊಂದು ಉಸಿರೂ ನನಗೆ ಬಾಯಿಪಾಠ. ಇದನ್ನೂ ಕಲಿಯುವುದು ಅನ್ನಬಹುದೆಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಮೇಳದವನು ಪೇಟಿಯಲ್ಲಿ ಶ್ರುತಿ ಹಿಡಿದ. ನಾನು ಕೈ ಮುಗಿದು ಹೇಳಿದೆ: "ಇದು ಲಕ್ಷ್ಮೇಶ್ವರದ ಗೌರವ್ವನ ಮಟ್ಟು."

ಎರಡನೆಯ ಸಾಲಿನಲ್ಲಿ ಶ್ರುತಿ ತಪ್ಪಿತು. ಸಾಲಿನ ಕೊನೆಯ ನಿಲುಗಡೆಯಲ್ಲಿ ಮಾತ್ರ ಆತುರ ಮಾಡಲಿಲ್ಲ. ಮೂರನೆಯದರಲ್ಲಿ ಕೆಳಗಿಳಿದೆ. ಆ ಇಳಿತ ಮುಗಿದು ಪೇಟಿಯೊಂದೇ ಉಳಿದಾಗ ಶಂಕ್ರಪ್ಪನವರ ತಂಗಿ "ಯವ್ವಾ" ಎಂದು ಅತ್ತಳು. ಅಳಲು ಜಾಗವಿತ್ತು. ಮುಂದಿನ ಸಾಲಿಗೆ ಹಿಂದಿನಿಂದ ಒಂದು ದನಿ ಕೂಡಿತು, ಆಮೇಲೆ ಇನ್ನೊಂದು.

ಮುಗಿದ ಮೇಲೆ ದ್ಯಾಮವ್ವ ಹತ್ತಿರ ಸರಿದು, "ಯಾರ ಮಟ್ಟು ಅಂದ್ರಿ ಟೀಚರ್ರ?" ಎಂದಳು.

"ಗೌರವ್ವಂದ್ರಿ. ಲಕ್ಷ್ಮೇಶ್ವರದ ಗೌರವ್ವ."

ಅವಳು ಬಾಯೊಳಗೇ ಒಮ್ಮೆ ಅಂದುಕೊಂಡು, ಚಹಾದಲ್ಲಿ ಗಂಟಲು ಕಾಯಿಸಿಕೊಂಡಳು. ಮಧ್ಯಾಹ್ನ ಅಜ್ಜಿಯನ್ನು ಮಣ್ಣಿಗೆ ಒಯ್ಯುವಾಗ ಮೇಳ ಮುಂದಿತ್ತು, ನಾವು ಉಳಿದ ಹೆಂಗಸರು ಹಿಂದೆ ನಡೆದಿದ್ದೆವು. ಓಣಿ ತಿರುಗುವಲ್ಲಿ ಮೇಳ ನಿಂತಿತು. ದ್ಯಾಮವ್ವನ ಒಡಕು ದನಿ ಅಷ್ಟು ದೂರದಿಂದಲೂ ಚೆನ್ನಾಗಿ ಕೇಳಿಸಿತು: "ಇದು ಲಕ್ಷ್ಮೇಶ್ವರದ ಗೌರವ್ವನ ಮಟ್ಟು."

ನಾನು ಹಿಂದಿನವರ ಜೊತೆ ದನಿ ಕೂಡಿಸಿದೆ.