ಬೆಚ್ಚಗಿನ ನೀರು, ತಣ್ಣನೆಯ ನೀರು

ಬೋಟು ರಿಪೇರಿಯ ಯಾರ್ಡಿನಲ್ಲಿ ನನ್ನ ತಂಗಿಯನ್ನು ಎಲ್ಲರೂ ಹಲ್ಲಿ ಎಂದೇ ಕರೆಯುತ್ತಿದ್ದರು, ಅದೂ ಅವಳ ಎದುರಿಗೇ. ಅವಳಿಗೇನೂ ಬೇಜಾರಿರಲಿಲ್ಲ. ಬೋಟಿನ ಹಿಂಭಾಗದಲ್ಲಿ, ಇಂಜಿನ್ನಿನ ಆಚೆ, ಮಲಗಿಕೊಂಡೇ ನುಗ್ಗಬೇಕಾದಂಥ ಒಂದು ಸಂದಿ ಇರುತ್ತದಂತೆ. ಅವಳ ಗಂಡ ಮೆಕ್ಯಾನಿಕ್. ಕೈಗುಣ ಒಳ್ಳೆಯದಿತ್ತು, ಹೊಟ್ಟೆ ಮಾತ್ರ ಆ ಸಂದಿಗೆ ಒಪ್ಪುತ್ತಿರಲಿಲ್ಲ. ಅವನಿಗೆ ಟಾರ್ಚು ಹಿಡಿಯಲು ಹೋದವಳು ಬರಬರುತ್ತ ತಾನೇ ಒಳಗೆ ನುಗ್ಗತೊಡಗಿದಳು. ಅವನು ತೀರಿಕೊಂಡ ಮೇಲೂ ಮೇಸ್ತ್ರಿ ಅವಳನ್ನು ಬಿಡಲಿಲ್ಲ. ಹಲ್ಲಿ ಹೋಗುವ ಕಡೆ ಇನ್ಯಾರು ಹೋಗುತ್ತಾರೆ?

ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಅವಳು ಉಣ್ಣುತ್ತ ಹೇಳುತ್ತಿದ್ದಳು, ನಾನು ಬಡಿಸುತ್ತ ಕೇಳುತ್ತಿದ್ದೆ. ಹಾಗೆ ಕೇಳಿ ಕೇಳಿಯೇ ಅವಳ ಕೆಲಸ ನನಗೂ ಅರ್ಥವಾಯಿತು. ಬೋಟಿನ ಇಂಜಿನ್ನು ಕಾಯದಿರಲೆಂದು ಸಮುದ್ರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಆ ನೀರನ್ನು ಹೊಗೆಯ ಜೊತೆಗೇ ಒಂದು ದಪ್ಪ ರಬ್ಬರ್ ಪೈಪಿನಲ್ಲಿ ಹಿಂದಕ್ಕೆ ಉಗುಳುತ್ತದೆ. ಪೈಪು ಬೋಟಿನ ಹಿಂಬದಿಯ ಹಲಗೆಯನ್ನು ದಾಟಿ ಹೊರಗೆ ಹೋಗುವಲ್ಲಿ ಲೋಹದ ಒಂದು ಬಾಯಿ ಕೂರಿಸಿರುತ್ತಾರೆ. ನೀರು ಸೋರುವುದು ಆ ಬಾಯಿಯ ಸುತ್ತಮುತ್ತಲೇ.

ಸೋರುವುದರಲ್ಲಿ ಎರಡು ಬಗೆ. ಪೈಪು ಬಿರುಕು ಬಿಟ್ಟಿದ್ದರೆ, ಇಲ್ಲವೇ ಅದರ ಕ್ಲಿಪ್ಪು ಸಡಿಲವಾಗಿದ್ದರೆ, ಒಸರುವುದು ಇಂಜಿನ್ನಿನಿಂದ ಬಂದ ಬೆಚ್ಚಗಿನ ನೀರು. ಅದಕ್ಕೆ ಪೈಪು ಬದಲಿಸಿದರೆ ಸಾಕು, ಬೋಟು ನೀರಿನಲ್ಲಿದ್ದಂತೆಯೇ ಕೆಲಸ ಮುಗಿಯುತ್ತದೆ. ಆದರೆ ಬಾಯಿಗೂ ಹಲಗೆಗೂ ನಡುವಿನ ಅಂಟು ಬಿಟ್ಟಿದ್ದರೆ ಬರುವುದು ಹೊರಗಿನ ತಣ್ಣನೆಯ ನೀರು. ಆಗ ಬೋಟನ್ನು ದಡಕ್ಕೆಳೆಯಬೇಕು, ಬಾಯಿ ಬಿಚ್ಚಬೇಕು, ಹಳೆಯ ಅಂಟನ್ನು ಕೆರೆದು ಹಲಗೆ ಒಣಗುವವರೆಗೆ ಕಾಯಬೇಕು, ಹೊಸದಾಗಿ ಕೂರಿಸಬೇಕು. ಮೀನಿನ ಕಾಲದಲ್ಲಿ ಯಾವ ಬೋಟಿನವನಿಗೂ ಈ ಮಾತು ಹಿಡಿಸದು. ಕಟ್ಟಿಹಾಕಿದ ಖಾಲಿ ಬೋಟಿನಲ್ಲಿ ಆ ಬಾಯಿ ನೀರಿನಿಂದ ಮೇಲಿರುತ್ತದೆ, ಸೋರಿಕೆ ಗೊತ್ತಾಗುವುದಿಲ್ಲ. ಓಡುವಾಗ ಹಿಂಭಾಗ ತಗ್ಗಿ ಬಾಯಿ ಮುಳುಗುತ್ತದೆ. ಅದಕ್ಕೇ ಒಂದು ಸುತ್ತು ಓಡಿಸಿಕೊಂಡು ಬಂದು, ಇಂಜಿನ್ನು ನಡೆಯುತ್ತಿರುವಾಗಲೇ ಹಲ್ಲಿ ಒಳಗೆ ನುಗ್ಗಿ, ಕಣ್ಣಿಗೆ ಕಾಣದ ಆ ಮೂಲೆಗೆ ಬೆರಳು ತೂರಿಸುತ್ತಿದ್ದಳು. ಮೇಸ್ತ್ರಿ ಮೇಲಿನಿಂದ ಕೇಳುತ್ತಿದ್ದದ್ದು ಒಂದೇ ಮಾತು, ಬೆಚ್ಚಗಾ, ತಣ್ಣಗಾ? ಅವಳು ಹೇಳಿದ್ದೇ ತೀರ್ಪು.

ಅವಳ ಬೆರಳು ಕೆಟ್ಟದ್ದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಅದನ್ನು ಹಿಡಿದುಕೊಂಡೇ ನನ್ನ ಜೊತೆ ಹರಟುತ್ತ ನಿಂತಿದ್ದಳು. ನಾನೇ ಕಿತ್ತುಕೊಂಡು ಕೆಳಗಿಟ್ಟೆ. ಸಕ್ಕರೆ ಕಾಯಿಲೆಗೆ ನರ ಸತ್ತಿದೆ, ಮತ್ತೆ ಬರುವಂಥದ್ದಲ್ಲ ಎಂದರು ಡಾಕ್ಟರು. ಮೇಸ್ತ್ರಿಗೆ ಹೇಳಿಬಿಡು ಎಂದು ನಾನು ಹೇಳದ ದಿನವಿಲ್ಲ.

"ಹೇಳಿದ್ರೆ ನಾನು ಏನಾಗ್ತೀನಿ ಗೊತ್ತಾ ಅಕ್ಕ?" ಎಂದಳು ಒಮ್ಮೆ. "ಗೋಡೆ ಮೇಲಿನ ಹಲ್ಲಿ. ನಿನ್ನ ಅಡುಗೆಗೆ ಲೊಚಗುಟ್ಟಿಕೊಂಡು ಬಿದ್ದಿರಬೇಕು."

ಅವಳೇ ಒಂದು ಉಪಾಯ ಕಂಡುಕೊಂಡಳು. ಬೆರಳಿಗೆ ಬಟ್ಟೆಯ ಚೂರು ಸುತ್ತಿ ಮೂಲೆಯ ನೀರನ್ನು ಒರೆಸಿ, ಹೊರಗೆಳೆದು ತುಟಿಗೆ ಒತ್ತಿಕೊಳ್ಳುವುದು. ತುಟಿ ಸತ್ತಿರಲಿಲ್ಲವಲ್ಲ. ಒಂದು ವರ್ಷ ಹಾಗೆಯೇ ನಡೆಯಿತು, ಒಂದು ಸಲವೂ ತಪ್ಪಾಗಲಿಲ್ಲ. ಇದರಿಂದ ನನ್ನ ಬಾಯಿಯೂ ಕಟ್ಟಿಹೋಯಿತು.

ಆ ದಿನ ಬಂದದ್ದು ಅವಳ ಅಳಿಯ, ಮಗಳ ಗಂಡ, ನಡೆಸುವ ಬೋಟು. ಇಂಜಿನ್ನಿನ ಪಕ್ಕಕ್ಕೆ ಹೊಸದಾಗಿ ಡೀಸೆಲ್ ಟ್ಯಾಂಕು ಕೂರಿಸಿದ್ದರಿಂದ ಸಂದಿ ಮತ್ತಷ್ಟು ಕಿರಿದಾಗಿತ್ತಂತೆ. ಕೈಯನ್ನು ಇಂಜಿನ್ನಿನ ಮೇಲಿನಿಂದ ಬಳಸಿ ಎಳೆಯಬೇಕಾಯಿತು. ಬಟ್ಟೆಯನ್ನು ತುಟಿಗೆ ಒತ್ತಿಕೊಂಡು, ಬೆಚ್ಚಗಿದೆ ಎಂದು ಕೂಗಿದಳು. ಅಳಿಯನಿಗೆ ಖುಷಿಯೋ ಖುಷಿ. ಪೈಪು, ಕ್ಲಿಪ್ಪು ಎರಡನ್ನೂ ಬದಲಿಸಿ, ಐಸು, ಡೀಸೆಲ್ಲು, ಕುಡಿಯುವ ನೀರು ತುಂಬಿಸಿಕೊಂಡು ಅದೇ ಸಂಜೆ ಹೊರಟರು. ಅಷ್ಟು ಹೇರಿದರೆ ಬೋಟಿನ ಹಿಂಭಾಗ ಹೊರಡುವಾಗಲೇ ತಗ್ಗಿ, ಆ ಬಾಯಿ ನೀರಿನೊಳಗೇ ಇರುತ್ತದೆ.

ಮಾರನೆಯ ಬೆಳಿಗ್ಗೆ ಅವಳು ತಿಂಡಿಗೆ ಕೂತಾಗ ಅವಳ ಬಲಗೈ ಕಣ್ಣಿಗೆ ಬಿತ್ತು. ಬೆರಳುಗಳ ಹಿಂಬದಿಯಲ್ಲಿ ಸಾಲಾಗಿ ಬೊಬ್ಬೆ ಎದ್ದಿದ್ದವು. ಇದೆಲ್ಲಿ ಸುಟ್ಟುಕೊಂಡೆ ಎಂದು ಕೇಳಿದೆ. ಅವಳು ಕೈಯನ್ನು ತಿರುಗಿಸಿ ನೋಡಿಕೊಂಡಳು. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ಬಾಯಲ್ಲಿದ್ದ ತುತ್ತು ಬಾಯಲ್ಲೇ ಇತ್ತು.

"ಅಕ್ಕ, ಕಬ್ಬಿಣದ ಬಾಗಿಗೆ ತಾಗಿದೆ. ಬಟ್ಟೆ ಅದಕ್ಕೆ ಉಜ್ಜಿಕೊಂಡು ಬಂದಿದೆ. ಬೆಚ್ಚಗಾಗಿದ್ದು ನೀರಲ್ಲ, ಬಟ್ಟೆ."

ಪೈಪಿಗೆ ನೀರು ಸೇರುವ ಮೊದಲು, ಇಂಜಿನ್ನಿನಿಂದ ಬರಿ ಹೊಗೆ ಹೊರಡುವಲ್ಲಿ ಕಬ್ಬಿಣದ ಒಂದು ಬಾಗು ಇರುತ್ತದೆ. ಅದು ಕಾದ ಹೆಂಚಿನಂತೆ ಇರುತ್ತದಂತೆ. ಕೈ ಅದಕ್ಕೆ ತಾಗಿದ್ದೇ ಅವಳಿಗೆ ತಿಳಿದಿರಲಿಲ್ಲ.

ಕೈ ತೊಳೆಯದೆ ಎದ್ದು ಹೊರಟವಳ ಹಿಂದೆ ನಾನೂ ಹೋದೆ. ಯಾರ್ಡಿನ ಮೂಲೆಯಲ್ಲಿ ಅಳಿಯನ ಬೋಟಿನಿಂದ ಬಿಚ್ಚಿದ ಹಳೆಯ ಪೈಪು ಬಿದ್ದಿತ್ತು. ಒಂದು ತುದಿಗೆ ಮರದ ಬಿರಡೆ ಬಡಿದು, ನಿಲ್ಲಿಸಿ, ಕೊಡದಿಂದ ನೀರು ತುಂಬಿದಳು. ಪೈಪಿನ ಸುತ್ತ ಕೈಯಾಡಿಸಿದಳು, ಮತ್ತೆ ಕೈಯನ್ನು ನಂಬದೆ ಕೆನ್ನೆಯನ್ನು ಆನಿಸಿ ನೋಡಿದಳು. ಎಲ್ಲಿಯೂ ಒಂದು ಹನಿ ಒಸರಲಿಲ್ಲ. ಸೋರುತ್ತಿದ್ದುದು ಪೈಪಲ್ಲ, ಹಲಗೆಯ ಕಡೆಯ ಅಂಟು. ಅದನ್ನು ಯಾರೂ ಮುಟ್ಟಿರಲೇ ಇಲ್ಲ.

ಮೇಸ್ತ್ರಿ ಚಹಾ ಕುಡಿಯುತ್ತ ನಿಂತಿದ್ದರು. ಇವಳು ಎದುರಿಗೆ ಹೋಗಿ ನಿಂತಳು.

"ಆ ಬೋಟನ್ನ ವಾಪಸ್ ಕರೀರಿ. ತಣ್ಣೀರು ಬರ್ತಿದೆ."

"ಬೆಚ್ಚಗಿದೆ ಅಂತ ನೀನೇ ತಾನೆ ಹೇಳಿದ್ದು?"

"ಹೇಳಿದೆ. ನನ್ನ ಕೈ ಸತ್ತು ವರ್ಷ ಆಯ್ತು ಮೇಸ್ತ್ರಿ."

ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಲೋಟವನ್ನು ಅಲ್ಲಿಯೇ ನೆಲಕ್ಕಿಟ್ಟು ವೈರ್‌ಲೆಸ್ ಕೋಣೆಗೆ ಓಡಿದರು. ಅಳಿಯನ ಬೋಟಿನಿಂದ ಉತ್ತರ ಬರಲಿಲ್ಲ. ಕೂಗಿ ಕೂಗಿ ಮೇಸ್ತ್ರಿಯ ಗಂಟಲು ಕಟ್ಟಿತು. ಕೊನೆಗೆ ಅದೇ ದಿಕ್ಕಿಗೆ ಹೋಗಿದ್ದ ಇನ್ನೊಂದು ಬೋಟಿನವನು ಸಿಕ್ಕಿ, ಹುಡುಕಿಕೊಂಡು ಹೋಗುತ್ತೇನೆ ಎಂದ. ಮಗಳು ಸುದ್ದಿ ಕೇಳಿ ಓಡಿಬಂದು ಅಮ್ಮನ ಪಕ್ಕದಲ್ಲೇ ಕೂತಳು. ತಂಗಿ ಅವಳಿಗೆ ಕೈಯನ್ನೂ ತೋರಿಸಿದಳು, ಮಾಡಿದ್ದನ್ನೂ ಹೇಳಿದಳು. ಮಗಳು ಎದ್ದು ಹೋಗಿ ಬಾಗಿಲ ಆಚೆ ಕೂತಳು. ಮಧ್ಯಾಹ್ನ ಇಳಿಯುವವರೆಗೂ ಹಾಗೆಯೇ ಕೂತಿದ್ದೆವು. ಒಬ್ಬರೂ ನೀರು ಕೂಡ ಕುಡಿಯಲಿಲ್ಲ.

ಆ ಬೋಟು ಹೋಗಿ ನೋಡುವಷ್ಟರಲ್ಲಿ ಅಳಿಯನ ಬೋಟು ಹಿಂಭಾಗದಿಂದ ಮುಳುಗಿ, ಮೂತಿ ಮಾತ್ರ ಮೇಲಿತ್ತಂತೆ. ಅದನ್ನು ಹಿಡಿದುಕೊಂಡು ತೇಲುತ್ತಿದ್ದವರನ್ನು ಎತ್ತಿಕೊಂಡರು. ಅಳಿಯ ಬದುಕಿದ್ದ. ಬೋಟಿನ ಅಡುಗೆಯವನು ಮಾತ್ರ ಸಿಗಲಿಲ್ಲ. ವಯಸ್ಸಾದವನು, ಸಣಕಲ, ಎಲ್ಲರನ್ನೂ ನಗಿಸುತ್ತ ಬಡಿಸುತ್ತಿದ್ದವನು. ಒಳಗೆ ನೀರು ಏರುತ್ತಿದ್ದುದನ್ನು ಕಂಡಾಗ ಅಳಿಯನೇ, ಆ ಸಂದಿಗೆ ನುಗ್ಗುವವನು ನೀನೊಬ್ಬನೇ, ಹೋಗಿ ಗೋಣಿ ತುರುಕು ಎಂದು ಅವನನ್ನು ಕೆಳಗೆ ಕಳಿಸಿದ್ದನಂತೆ.

ಬೋಟಿಗೆ ವಯಸ್ಸಾಗಿತ್ತು, ಯಾರೇನು ಮಾಡಲು ಬರುತ್ತದೆ ಎಂದು ಯಾರ್ಡಿನವರು ಮಾತು ಮುಗಿಸಿದರು. ತಂಗಿಗೆ ಅದು ಸಾಲದು. ಅಡುಗೆಯವನ ಹೆಂಡತಿಯ ಮನೆಗೆ ಹೋದಳು, ನನ್ನನ್ನೂ ಕರೆದುಕೊಂಡು. ಒಂದೇ ಕೋಣೆ, ಅರ್ಧಕ್ಕೆ ಅರ್ಧ ಮಂಚವೇ. ಆಕೆ ಮಂಚದ ಅಂಚಿಗೆ ಕೂತು ಎಲ್ಲವನ್ನೂ ಕೇಳಿದಳು, ಬೆರಳು, ಬಟ್ಟೆ, ಬಾಗು, ವರ್ಷವಿಡೀ ಮುಚ್ಚಿಟ್ಟದ್ದು. ತಂಗಿ ಹೇಳಿ ಮುಗಿಸಿದ ಮೇಲೆ ಕೇಳಿದಳು.

"ನಿಮ್ಮ ಅಳಿಯ ಬಂದ್ನಲ್ಲ?"

"ಬಂದ."

"ಸಂತೋಷ ಆಯ್ತಾ?"

ತಂಗಿ ಸುಳ್ಳು ಹೇಳಲಿಲ್ಲ. ಆಯ್ತು ಎಂದಳು.

"ಆಗ್ಲಿ. ನನ್ನ ಕಣ್ಣೆದುರಿಗೆ ಮಾತ್ರ ಪಡಬೇಡಿ. ಇನ್ನು ಹೊರಡಿ."

ಯಾರ್ಡಿಗೆ ಅವಳು ಮತ್ತೆ ಹೋಗಲಿಲ್ಲ, ಮೇಸ್ತ್ರಿಯೂ ಕರೆಯಲಿಲ್ಲ. ಮಗಳು ಮಾತಾಡತೊಡಗಿದ್ದಾಳೆ, ಬೇಕಾದಷ್ಟು ಮಾತ್ರ. ಅಳಿಯ ಈಗ ಬೇರೆ ಬೋಟಿನಲ್ಲಿ ಕೂಲಿಯಾಳು. ನಡೆಸುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಆಗೊಮ್ಮೆ ಈಗೊಮ್ಮೆ ಊಟಕ್ಕೆ ಬರುತ್ತಾನೆ. ಬಾಗಿಲಲ್ಲಿ ಅವನ ದನಿ ಕೇಳಿದ ಕೂಡಲೇ ತಂಗಿಯ ಮುಖ ಅರಳಿಬಿಡುತ್ತದೆ, ಅವಳ ಕೈಯಲ್ಲಿಲ್ಲ ಅದು. ತಕ್ಷಣ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಹೋಗುವವರೆಗೂ ಹೊರಗೆ ಬರುವುದಿಲ್ಲ.

ಮೊನ್ನೆ ಅವನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತು ನನ್ನನ್ನು ಕೇಳಿದ.

"ದೊಡ್ಡಮ್ಮ, ಆ ಮುದುಕನ್ನ ನಾನೇ ಕೆಳಗೆ ಕಳಿಸಿದೆ ಅಂತ ಅತ್ತೆಗೆ ನನ್ನ ಮುಖ ನೋಡೋಕೆ ಹೇಸಿಗೆಯಾ?"

ಅಲ್ಲಪ್ಪ, ಹಾಗಲ್ಲ ಎಂದೆ. ನಿನ್ನನ್ನು ಕಂಡರೆ ಆಗುವ ಸಂತೋಷಕ್ಕೇ ಅವಳು ಒಳಗೆ ಹೋಗುತ್ತಾಳೆ ಎಂದೂ ಹೇಳಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋದ.